ಬಸಿ ಇಟ್ಟು ಕೊಟ್ಟ ಚಾ

ದೋಹಾದ ಅಲ್ ಗರಾಫಾದಲ್ಲಿರುವ ಸ್ನೇಹಿತರ ಮಗಳು ಶ್ರದ್ಧಾ ಕಳೆದ ತಿಂಗಳು ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ಸೇರಿಕೊಂಡಳು. ಪ್ಲಾಸ್ಟಿಕ್ ಡಬ್ಬಿ ಮಾಡುವ ಜಾಗ, ಮೂವತ್ತು ಚಿಲ್ಲರೆ ಕೆಲಸಗಾರರು. ಸೇರುವ ಹಿಂದಿನ ಶುಕ್ರವಾರ ಬಿನ್ ಒಮ್ರಾನಿನ ನಮ್ಮ ಫ್ಲಾಟಿಗೆ ಬಂದು, ಲ್ಯಾಪ್‌ಟಾಪ್ ತೆರೆದು, "ಅಂಕಲ್, ನೀವು ಇಷ್ಟು ವರ್ಷ ವರ್ಕರ್ಸನ್ನ ಹ್ಯಾಂಡಲ್ ಮಾಡಿದ್ದೀರಿ. ಎಮೋಷನಲ್ ಇಂಟೆಲಿಜೆನ್ಸ್ ಬಗ್ಗೆ ಐದು ಪಾಯಿಂಟ್ ಹೇಳಿ" ಎಂದಳು. ದೋಹಾದಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಮಾತಾಡುವಾಗ ನಾಲ್ಕು ಪದಕ್ಕೊಮ್ಮೆ ನಿಂತು ಅಮ್ಮನ ಮುಖ ನೋಡುತ್ತಾಳೆ. ನನ್ನಲ್ಲಿ ಐದು ಪಾಯಿಂಟ್ ಇರಲಿಲ್ಲ. ಒಂದು ಕಪ್ಪು, ಅದರ ಕೆಳಗಿಡುವ ಒಂದು ಬಸಿ, ಒಬ್ಬ ಮನುಷ್ಯನ ಬೆರಳು, ಇಷ್ಟರ ಕತೆ ಇತ್ತು. ಅದನ್ನು ಹೇಳಲು ಹೊರಟಾಗ ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳುತ್ತ ಕೂತಳು. ಅವಳು ಹೋದ ಮೇಲೆ ನನ್ನ ಹೆಂಡತಿ, ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದಿಡಿ ಎಂದಳು. ಹೆಂಡತಿ ಈಗಲೂ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ನಾನು ನಿವೃತ್ತನಾಗಿ ಎರಡು ವರ್ಷವಾಯಿತು, ಬೆಳಗಿನ ಹೊತ್ತು ಬೇಕಾದಷ್ಟು ಪುರುಸೊತ್ತು.

ನಾನು ಕೆಲಸ ಮಾಡಿದ್ದು ಇಂಡಸ್ಟ್ರಿಯಲ್ ಏರಿಯಾದ ಒಂದು ಡಕ್ಟ್ ವರ್ಕ್‌ಶಾಪಿನಲ್ಲಿ. ಡಕ್ಟ್ ಎಂದರೆ ದೊಡ್ಡ ಕಟ್ಟಡಗಳ ಸೀಲಿಂಗಿನ ಒಳಗೆ ಏಸಿಯ ತಣ್ಣನೆ ಗಾಳಿ ಹರಿದುಹೋಗುವ ತಗಡಿನ ಕೊಳವೆ. ತಗಡಿನ ಹಾಳೆ ಕತ್ತರಿಸಬೇಕು, ಮಡಚಬೇಕು, ಅಂಚಿಗೆ ಅಂಚು ಕೂಡಿಸಬೇಕು. ತಗಡಿನ ಕೆಲಸ ನನಗೆ ಹೊಸದಲ್ಲ. ನಮ್ಮೂರು ಕಟಪಾಡಿಯಲ್ಲಿ ನನ್ನ ಅಣ್ಣನದ್ದೊಂದು ಸಣ್ಣ ತಗಡಿನ ಅಂಗಡಿ ಇತ್ತು; ಬಾಲ್ದಿ, ಅಕ್ಕಿ ಡಬ್ಬ, ಸೂರಿನಂಚಿಗೆ ಕಟ್ಟುವ ಮಳೆನೀರಿನ ದೋಣಿ ಮಾಡುತ್ತಿದ್ದ. ಅಪ್ಪ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವನೂ ಅವನೇ, ಕತ್ತರಿ ಹಿಡಿಯಲು ಕಲಿಸಿದವನೂ ಅವನೇ. ಇಲ್ಲಿಗೆ ಬಂದು ಮೊದಲು ಹೆಲ್ಪರ್, ಆಮೇಲೆ ಫ್ಯಾಬ್ರಿಕೇಟರ್, ಕೊನೆಗೆ ಫೋರ್‌ಮನ್ ಆದೆ. ಹೇಗೆ ಆದೆ ಎಂದು ಹೇಳುವುದರಲ್ಲಿ ಸ್ವಾರಸ್ಯ ಏನೂ ಇಲ್ಲ. ಇಪ್ಪತ್ತಾರು ಜನ, ಐದು ಭಾಷೆ, ಒಂದು ಶೆಡ್ಡು ಎಂದರೆ ಸಾಕು.

ನನಗಿಂತ ಮೊದಲು ಫೋರ್‌ಮನ್ ಆಗಿದ್ದವರು ಪಾಕಿಸ್ತಾನದ ಗುಲ್ಜಾರ್ ಉಸ್ತಾದ್. ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ನಿಂತು ಒಳಗೆ ಬರುವ ಪ್ರತಿಯೊಬ್ಬನ ಕೈ ಕುಲುಕುವುದು ಅವರ ಪದ್ಧತಿ. ಇಪ್ಪತ್ತಾರು ಕೈ. ಕುಲುಕಿ ಬಿಟ್ಟರೆ ಮುಗಿಯಿತು, ಮಾತಿಲ್ಲ. ಆದರೆ ಒಮ್ಮೊಮ್ಮೆ ಯಾರದ್ದೋ ಕೈ ಹಿಡಿದವರು ಹಾಗೇ ಒಂದು ಕ್ಷಣ ನಿಂತು, "ನೀನು ಇವತ್ತು ಮೆಷಿನ್ ಹತ್ತಿರ ಬೇಡ, ಪ್ಯಾಕಿಂಗಿಗೆ ಹೋಗು" ಎನ್ನುವರು. ಸಂಜೆ ವಿಚಾರಿಸಿದರೆ ಆ ಮನುಷ್ಯನಿಗೆ ಜ್ವರ ಬಂದಿರುತ್ತಿತ್ತು, ಇಲ್ಲವೇ ರಾತ್ರಿಯಿಡೀ ಊರಿನ ಫೋನಿನಲ್ಲಿ ಜಗಳ ನಡೆದಿರುತ್ತಿತ್ತು. ಅದು ಹೇಗೆ ಗೊತ್ತಾಗುತ್ತದೆ ಎಂದು ನಾನು ಎಷ್ಟು ಸಲ ಕೇಳಿದರೂ ಉಸ್ತಾದ್ ನಗುತ್ತಿದ್ದರೇ ಹೊರತು ಹೇಳಲಿಲ್ಲ. ಅವರು ಊರಿಗೆ ಹೋದ ಮೇಲೆ ನಾನು ಫೋರ್‌ಮನ್ ಆದ ಮೊದಲ ವಾರವೇ ಆ ಪದ್ಧತಿ ನಿಲ್ಲಿಸಿದೆ. ದಿನಕ್ಕೆ ಹತ್ತು ನಿಮಿಷ ದಂಡ ಎಂದು ನನ್ನ ಲೆಕ್ಕ. ಅದರ ಬದಲು ನಾನು ಬೊಬ್ಬೆ ಹೊಡೆಯುತ್ತಿದ್ದೆ. ನನ್ನ ಗಂಟಲು ಮೆಷಿನ್ ಸದ್ದಿನ ಮೇಲೂ ಕೇಳುತ್ತಿತ್ತು ಎಂಬ ಹೆಮ್ಮೆ ಬೇರೆ.

ಗಲ್ಫಿನ ವರ್ಕ್‌ಶಾಪುಗಳಲ್ಲಿ ಬರೆದಿಡದ ಒಂದು ಕಟ್ಟಳೆ ಉಂಟು. ಊರಿನಿಂದ ಸಾವಿನ ಸುದ್ದಿ ಬಂದರೆ ಅದು ನೇರವಾಗಿ ಆ ಮನುಷ್ಯನಿಗೆ ಬರುವುದಿಲ್ಲ. ಮೊದಲು ಅವನ ರೂಮಿನವನಿಗೆ ಬರುತ್ತದೆ, ಅವನು ಫೋರ್‌ಮನ್ನಿಗೆ ಹೇಳುತ್ತಾನೆ. ಆಮೇಲೆ ಹೇಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದೆಲ್ಲ ಫೋರ್‌ಮನ್ನಿನ ತಲೆಬಿಸಿ. ನನಗೆ ಆ ಪಾಲು ಮೊದಲು ಬಂದದ್ದು ಧನ್ ಬಹಾದೂರ್ ಎಂಬ ನೇಪಾಳಿಯ ವಿಷಯದಲ್ಲಿ. ಅವನು ಮಡಚುವ ಮೆಷಿನ್ ನಡೆಸುತ್ತಿದ್ದ. ನಾನು ಹೊಸ ಫೋರ್‌ಮನ್. ನೇರ ಅವನ ಬಳಿ ಹೋಗಿ, ಸದ್ದಿನ ನಡುವೆ ಕಿವಿಯ ಹತ್ತಿರ ಬಾಯಿಟ್ಟು, "ನಿನ್ನ ಅಪ್ಪ ತೀರಿಕೊಂಡರಂತೆ" ಎಂದು ಕೂಗಿ ಹೇಳಿದೆ. ಅವನು ತಲೆ ಆಡಿಸಿದ, ತಿರುಗಿ ಮೆಷಿನ್ ನಡೆಸತೊಡಗಿದ. ಗಟ್ಟಿ ಮನುಷ್ಯ ಎಂದುಕೊಂಡು ನಾನು ಬಂದುಬಿಟ್ಟೆ. ಮಧ್ಯಾಹ್ನ ಹೋಗಿ ನೋಡಿದರೆ ನಲವತ್ತು ತಗಡುಗಳನ್ನು ಹಿಂದುಮುಂದಾಗಿ ಮಡಚಿ ನೀಟಾಗಿ ಒಂದರ ಮೇಲೊಂದು ಜೋಡಿಸಿಟ್ಟಿದ್ದ. ಆ ತಗಡುಗಳಿಗಾಗಿ ನಾನು ಅವನಿಗೆ ಬೈದೆ. ಅಪ್ಪ ಸತ್ತ ದಿನ ಒಬ್ಬನಿಗೆ ತಗಡಿನ ಲೆಕ್ಕಕ್ಕೆ ಬೈದವನು ನಾನು ಎಂಬುದನ್ನು ಇಲ್ಲಿ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಆಮೇಲೆ ಬುದ್ಧಿ ಬಂತು ಎಂದುಕೊಂಡೆ. ಸುದ್ದಿ ಬಂದರೆ ಮನುಷ್ಯನನ್ನು ನನ್ನ ಕ್ಯಾಬಿನ್ನಿಗೆ ಕರೆಯುವುದು, ಹೆಸರು ಹಿಡಿದು ಮೆಲ್ಲಗೆ ಮಾತಾಡುವುದು, ಕುರ್ಚಿ ಕೊಡುವುದು, ಚಾ ತರಿಸುವುದು, ಮನೆಯವರನ್ನು ವಿಚಾರಿಸುವುದು, ಆಮೇಲೆ ಹೇಳುವುದು. ಚಾ ಮಾಡುತ್ತಿದ್ದವನು ಬಾಂಗ್ಲಾದ ರಫೀಕ್. ಶೆಡ್ಡಿನಲ್ಲಿ ಎಲ್ಲರಿಗೂ ಪೇಪರ್ ಕಪ್ಪಿನ ಕರಕ್ ಚಾ, ಹಾಲಿನಲ್ಲಿ ಕುದಿಸಿದ ಇಲ್ಲಿನ ಗಟ್ಟಿ ಚಾ. ಕ್ಯಾಬಿನ್ನಿಗೆ ಬಂದವರಿಗೆ ಮಾತ್ರ ನೀಲಿ ಅಂಚಿನ ಪಿಂಗಾಣಿ ಕಪ್ಪು, ಕೆಳಗೆ ಬಸಿ. ದುಃಖದಲ್ಲಿರುವವನಿಗೆ ಕೊಡುವಾಗ ಮರ್ಯಾದೆಯಿಂದ ಕೊಡಬೇಕು ಎಂದು ನನ್ನ ಮನಸ್ಸಿನಲ್ಲಿತ್ತು. ಹಾಗೆ ಎಷ್ಟೋ ವರ್ಷಗಳಲ್ಲಿ ಹದಿನಾರು ಹದಿನೇಳು ಜನರಿಗೆ ಸುದ್ದಿ ಹೇಳಿದೆ. ಎಲ್ಲರೂ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಯಾರೂ ಚಾ ಕುಡಿದದ್ದು ನನಗೆ ನೆನಪಿಲ್ಲ. ಅದೇಕೆ ಎಂದು ಆಗ ಯೋಚಿಸಲೂ ಇಲ್ಲ.

ಈ ನಡುವೆ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು. ಒಬ್ಬ ವೆಲ್ಡರ್ ವಿಡಿಯೋ ಕಾಲ್ ನೋಡುತ್ತ ಸ್ವಂತ ಶೂವಿಗೆ ಕಿಡಿ ಹಾರಿಸಿಕೊಂಡ ಮೇಲೆ ನಾನೊಂದು ನಿಯಮ ತಂದೆ. ಕೆಲಸದ ಹೊತ್ತಿನಲ್ಲಿ ಫೋನುಗಳೆಲ್ಲ ಲಾಕರಿನಲ್ಲಿ. ಊಟದ ಹೊತ್ತಿಗೆ ಮಾತ್ರ ತೆರೆಯುವುದು. ನಿಯಮ ಎಂದರೆ ಎಲ್ಲರಿಗೂ ಒಂದೇ ಎಂದು ನನ್ನ ಫೋನನ್ನೂ ಅಲ್ಲೇ ಇಡುತ್ತಿದ್ದೆ. ಈ ನಿಯಮವನ್ನು ಮರೆಯಬೇಡಿ, ಮುಂದೆ ಎರಡು ಸಲ ಬರುತ್ತದೆ.

ಒಂದು ದಿನ ನಮ್ಮ ಮ್ಯಾನೇಜರ್ ಜೋಸೆಫ್ ಸಾರ್ ಒಬ್ಬ ಟ್ರೈನರನ್ನು ಕರೆಸಿದರು. ಜೋಸೆಫ್ ಸಾರ್ ಕೋಟ್ಟಯಂನವರು, ಮಿತಭಾಷಿ. ಅವರಿಗೆ ಸಂತೋಷವಾಗಿದೆ ಎಂದು ಗೊತ್ತಾಗುತ್ತಿದ್ದದ್ದು ಅವರು ಬೈಯದೆ ಹೋದಾಗ ಮಾತ್ರ. ಟೈ ಕಟ್ಟಿದ ಟ್ರೈನರ್ ನಮ್ಮಂಥ ನಾಲ್ಕು ಜನರನ್ನು ಕೂಡಿಸಿಕೊಂಡು ಅರ್ಧ ದಿನ ಪಾಠ ಮಾಡಿದ. ಕೆಲಸಗಾರರ ಮನಸ್ಸು ಅರಿಯಬೇಕು, ಕೂಗಬಾರದು, ಒಳ್ಳೆಯ ಕೆಲಸ ಮಾಡಿದವನನ್ನು ಪ್ರತ್ಯೇಕವಾಗಿ ಕರೆದು, ಹೆಸರು ಹಿಡಿದು, ಕೂರಿಸಿ, ಮೆಲುದನಿಯಲ್ಲಿ ಹೊಗಳಬೇಕು, ಮನೆಯವರನ್ನು ವಿಚಾರಿಸಬೇಕು. ಒಳ್ಳೆಯ ಮಾತುಗಳೇ. ನನಗೆ ನಿಜವಾಗಿಯೂ ಇಷ್ಟವಾಯಿತು. ಇಷ್ಟು ವರ್ಷ ಇವನೆಲ್ಲಿದ್ದ ಎನಿಸಿತು. ಮರುದಿನವೇ ಪ್ರಯೋಗ ಮಾಡಲು ಹೊರಟೆ. ಮೊದಲ ಹೆಸರು ಬಸವರಾಜನದು.

ಬಸವರಾಜ ಗದಗಿನ ಕಡೆಯವನು. ತಗಡು ಕತ್ತರಿಸುವ ದೊಡ್ಡ ಮೆಷಿನ್ ಹನ್ನೊಂದು ವರ್ಷದಿಂದ ಅವನ ಕೈಯಲ್ಲಿತ್ತು. ಕಾಲಿನಿಂದ ಪೆಡಲ್ ಒತ್ತಿದರೆ ಉದ್ದದ ಅಲಗು ಮೇಲಿನಿಂದ ಇಳಿಯುತ್ತದೆ. ಕೈ ಎಲ್ಲಿದೆ ಎಂಬ ಎಚ್ಚರ ಪ್ರತಿ ಸಲವೂ ಬೇಕು. ಹನ್ನೊಂದು ವರ್ಷದಲ್ಲಿ ಅವನಿಗೆ ಒಂದು ಗೀರೂ ಆಗಿರಲಿಲ್ಲ. ಕತ್ತರಿಸಿದ ಪ್ರತಿ ತುಂಡಿನ ಮೇಲೂ ಮಾರ್ಕರಿನಲ್ಲಿ ನಂಬರು ಬರೆಯುವುದು ಅವನ ಅಭ್ಯಾಸ. ಊರಿನಲ್ಲಿ ಅವನ ತಾಯಿಗೆ ಸಕ್ಕರೆ ಕಾಯಿಲೆ, ಆಗಾಗ ಆಸ್ಪತ್ರೆಗೆ ಸೇರಿಸುತ್ತಿದ್ದರು. ಅದು ನನಗೂ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಹತ್ತರ ಸುಮಾರಿಗೆ ಅವನನ್ನು ಕ್ಯಾಬಿನ್ನಿಗೆ ಕರೆದೆ. ಮೆಲ್ಲಗೆ. ಕುರ್ಚಿ ತೋರಿಸಿದೆ. ರಫೀಕ್ ನೀಲಿ ಅಂಚಿನ ಕಪ್ಪು, ಬಸಿ ತಂದಿಟ್ಟ. ಮನೆಯಲ್ಲಿ ಎಲ್ಲ ಆರಾಮವಾ, ಅಮ್ಮ ಹೇಗಿದ್ದಾರೆ ಎಂದು ವಿಚಾರಿಸಿದೆ. ಆಮೇಲೆ ಟ್ರೈನರ್ ಹೇಳಿಕೊಟ್ಟಂತೆ, ನಿನ್ನ ಕೆಲಸ ಬಹಳ ಚಂದ, ಎಲ್ಲರೂ ನಿನ್ನನ್ನು ನೋಡಿ ಕಲಿಯಬೇಕು ಎಂದೆ. ಅವನು ನನ್ನ ಬಾಯನ್ನೇ ನೋಡುತ್ತ ಕೂತಿದ್ದ. ಹೊಗಳಿಕೆ ಕೇಳಿ ಅಭ್ಯಾಸವಿಲ್ಲದವನು, ಸಂಕೋಚ ಇರಬೇಕು ಎಂದುಕೊಂಡೆ. ಸರಿ ಹೋಗು ಎಂದಾಗ ಎದ್ದು ನಿಂತ, ಹೋಗಲಿಲ್ಲ.

"ಅಷ್ಟ ಏನ್ರೀ ಸರ?" ಎಂದ.

"ಅಷ್ಟೇ ಮಾರಾಯ. ಮತ್ತೆಂತ?" ಎಂದು ನಕ್ಕೆ.

ಅವನು ಹೋದ. ಚಾ ಹಾಗೇ ಇತ್ತು. ನನಗೋ ಒಂದು ಪುಣ್ಯದ ಕೆಲಸ ಮಾಡಿದ ಸಂತೋಷ. ಒಂದು ಗಂಟೆ ಕಳೆದಿರಬೇಕು, ಶೆಡ್ಡಿನಲ್ಲಿ ಗಲಾಟೆ ಕೇಳಿ ಓಡಿದೆ. ಬಸವರಾಜ ನೆಲದ ಮೇಲೆ ಕೂತು ಎಡಗೈಯನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದಿದ್ದ. ಎಡಗೈ ತೋರುಬೆರಳಿನ ತುದಿ, ಮೊದಲ ಗಂಟಿನವರೆಗೆ, ಹೋಗಿತ್ತು. ಕೆಲಸಗಾರರು ಉಳಿದುಕೊಳ್ಳುವ ಕ್ಯಾಂಪಿನ ಡ್ರೈವರ್ ಅವನನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದ.

ಸಂಜೆ ಡ್ರೈವರ್ ಬಂದು ಒಂದು ವಿಚಿತ್ರ ಹೇಳಿದ. ಬ್ಯಾಂಡೇಜ್ ಕಟ್ಟುವಾಗ ಬಸವರಾಜ ನಗುತ್ತಿದ್ದನಂತೆ. ಸಣ್ಣಗೆ ಅಲ್ಲ, ಕಣ್ಣಲ್ಲಿ ನೀರು ಬರುವ ಹಾಗೆ. ಅಲ್ಲಿದ್ದ ನರ್ಸ್ ಹೆದರಿ ಡಾಕ್ಟರನ್ನು ಕರೆದಳಂತೆ.

ಜೋಸೆಫ್ ಸಾರ್ ಅಪಘಾತದ ಫಾರ್ಮ್ ನನ್ನ ಮುಂದಿಟ್ಟರು. ಕಾರಣ ಎಂಬಲ್ಲಿ ಕೆಲಸಗಾರನ ಅಜಾಗರೂಕತೆ ಎಂದು ಬರೆ, ಸಹಿ ಹಾಕು, ಖಲಾಸ್ ಎಂದರು. ಆ ಒಂದು ಸಾಲಿನ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಗಾಯ ಮಾಗಿದ ಮೇಲೆ ಬಸವರಾಜನನ್ನು ಊರಿಗೆ ಕಳಿಸಿಬಿಡುತ್ತಾರೆ. ಬೆರಳು ಹೋದಾಗ ನಗುವವನನ್ನು ಮೆಷಿನ್ ಮೇಲೆ ಹೇಗೆ ಇಟ್ಟುಕೊಳ್ಳುವುದು ಎಂದು ಅವರು ಕೇಳಿದರು. ಹನ್ನೊಂದು ವರ್ಷದ ಕೆಲಸ, ಊರಿನಲ್ಲಿ ಕಾಯಿಲೆಯ ತಾಯಿ, ಎಲ್ಲ ನನಗೆ ಗೊತ್ತಿದ್ದೂ ಬರೆದೆ, ಸಹಿ ಹಾಕಿದೆ. ಫಾರ್ಮ್ ಮೇಲಕ್ಕೆ ಹೋಗಲು ಗುರುವಾರದವರೆಗೆ ಸಮಯವಿತ್ತು. ಅವತ್ತು ಭಾನುವಾರ.

ಆದರೆ ಆ ನಗು ನನ್ನ ತಲೆಯಿಂದ ಹೋಗಲೊಲ್ಲದು. ನನ್ನ ಸ್ವಭಾವವೇ ಹಾಗೆ, ಅರ್ಥವಾಗದ್ದು ಕಂಡರೆ ಮೂಗು ತೂರಿಸದೆ ಇರಲಾರೆ. ಸೋಮವಾರ ಬೆಳಿಗ್ಗೆ ಮೆಷಿನ್ ಹತ್ತಿರ ಹೋಗಿ ಅವನು ಕತ್ತರಿಸಿದ್ದ ತುಂಡುಗಳನ್ನು ತೆಗೆದುಕೊಂಡು, ಟೇಪ್ ಹಿಡಿದು ನೆಲದ ಮೇಲೆ ಕೂತೆ. ನಂಬರು ಬರೆಯುವ ಅವನ ಅಭ್ಯಾಸ ಈಗ ಕೆಲಸಕ್ಕೆ ಬಂತು. ಒಂದರಿಂದ ಮೂವತ್ತರವರೆಗೆ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೂವತ್ತೊಂದನೆಯ ತುಂಡು ಎರಡು ಮಿಲ್ಲಿಮೀಟರ್ ಗಿಡ್ಡ. ಮೂವತ್ತೆರಡು ಉದ್ದ. ಅಲ್ಲಿಂದ ಮುಂದೆ ಒಂದೂ ಸರಿಯಿಲ್ಲ. ಮೂವತ್ತೇಳರ ಮೇಲೆ ನಂಬರನ್ನೇ ಎರಡು ಸಲ ಬರೆದಿದ್ದ. ನಲವತ್ತನಾಲ್ಕು ಇರಲಿಲ್ಲ. ಮೂವತ್ತು ಮತ್ತು ಮೂವತ್ತೊಂದರ ನಡುವೆ ಈ ಮನುಷ್ಯನಿಗೆ ಏನೋ ಆಗಿದೆ ಎಂದು ಖಾತ್ರಿಯಾಯಿತು. ಕರೆಂಟ್ ಹೋಗಿತ್ತೇ, ಯಾರಾದರೂ ಜಗಳ ಮಾಡಿದರೇ ಎಂದು ಅಕ್ಕಪಕ್ಕದ ಮೆಷಿನಿನವರನ್ನು ಕೇಳುತ್ತ ಬಂದೆ. ಎಲ್ಲರೂ ನೆಲ ನೋಡುತ್ತ ನಿಂತರು.

ಕೊನೆಗೆ ರಫೀಕ್‌ನನ್ನು ಹಿಡಿದೆ. ಚಾ ಹಂಚುವವನಿಗೆ ಎಲ್ಲರ ಸುದ್ದಿ ಗೊತ್ತಿರುತ್ತದೆ. ಅವನು ಲೋಟ ತೊಳೆಯುತ್ತಿದ್ದ. ನಂಬರು ಗಿಂಬರು ನನಗೆ ಗೊತ್ತಿಲ್ಲ ಭಾಯ್, ನೀವು ಅವನಿಗೆ ಬಸಿಯ ಚಾ ಕೊಟ್ಟಿರಲ್ಲ ಎಂದ ಹಿಂದಿಯಲ್ಲಿ. ಕೊಟ್ಟರೆ ಏನಾಯಿತು ಎಂದೆ. ಅವನು ನನ್ನನ್ನು ಪಾಪ ಎನ್ನುವಂತೆ ನೋಡಿದ. "ಇಲ್ಲಿ ಆ ಕಪ್ಪಿನಲ್ಲಿ ಚಾ ಬಂದರೆ ಯಾರೋ ಸತ್ತಿದ್ದಾರೆ ಅಂತ. ಎಲ್ಲರಿಗೂ ಗೊತ್ತು. ನಾನು ಆ ಕಪ್ಪು ಹಿಡಿದು ಹೊರಟರೆ ಇಪ್ಪತ್ತಾರು ಜನವೂ ನಾನು ಯಾರ ಹಿಂದೆ ಹೋಗುತ್ತೇನೆ ಅಂತ ನೋಡುತ್ತಾರೆ. ನಿಮಗೆ ಗೊತ್ತಿಲ್ಲವಾ?"

ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಎಲ್ಲರ ಮುಖ ಓದುತ್ತೇನೆ ಎಂದು ಬೀಗುತ್ತಿದ್ದ ನಾನು, ಅವರೆಲ್ಲ ನನ್ನನ್ನು ಓದುತ್ತಿದ್ದರು ಎಂಬುದನ್ನೇ ಮರೆತಿದ್ದೆ. ಬೊಬ್ಬೆ ಹೊಡೆಯುವ ಫೋರ್‌ಮನ್ ಮೆಲ್ಲಗೆ ಮಾತಾಡಿದ, ಕುರ್ಚಿ ಕೊಟ್ಟ, ಅಮ್ಮನನ್ನು ವಿಚಾರಿಸಿದ, ಬಸಿಯ ಚಾ ತರಿಸಿದ. ಅವರ ಪಾಲಿಗೆ ಅದಕ್ಕೆ ಇದ್ದದ್ದು ಒಂದೇ ಅರ್ಥ.

ಅವತ್ತು ಸಂಜೆ ಕ್ಯಾಂಪಿಗೆ ಹೋದೆ. ಬಸವರಾಜ ಮಂಚದ ಮೇಲೆ ಕೂತು ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದ. ನನ್ನನ್ನು ಕಂಡು ಏಳಲು ಹೋದ, ಕೂರಿಸಿದೆ. ಏನು ಮಾತಾಡಬೇಕೆಂದು ತೋಚದೆ, ಆಸ್ಪತ್ರೆಯಲ್ಲಿ ನಕ್ಕೆಯಂತಲ್ಲ, ಯಾಕೆ ಎಂದು ನೇರ ಕೇಳಿದೆ.

"ನೀವು ಅವತ್ತ ಒಳಗ ಕರದ್ರಿ, ಕಪ್ಪ ಬಸಿ ಚಾ ಇಟ್ರಿ, ಅವ್ವ ಹೆಂಗದಾಳ ಅಂತ ಕೇಳಿದ್ರಿ. ನನಗ ಗೊತ್ತಾತ್ರಿ, ಅವ್ವ ಹೋದ್ಲು, ಸರಗ ಹೇಳಾಕ ಬಾಯಿ ಬರವಲ್ದು ಅಂತ. ಆಮ್ಯಾಲ ಕೆಲಸ ಚಲೋ ಅಂದ್ರಿ. ನನ್ನ ಗಟ್ಟಿ ಮಾಡಾಕ ಹೇಳಾಕ ಹತ್ಯಾರ ಅನ್ಕೊಂಡೆ. ಫೋನ್ ನೋಡೋಣಂದ್ರ ಲಾಕರಿನ್ಯಾಗ. ಊಟದ ಹೊತ್ತಿನ ತನಕ ಹೆಂಗರ ಕಳೀಬೇಕಲ್ರಿ, ಅದಕ್ಕ ಕತ್ತರಸ್ಕೋತ ನಿಂತೆ." ಆಮೇಲೆ ಅವನ ಮುಖದಲ್ಲಿ ಮತ್ತೆ ಆ ನಗು ಬಂತು. "ಡ್ರೈವರ ಲಾಕರಿನ್ಯಾಗಿಂದ ನನ್ನ ಫೋನ್ ತಂದಿದ್ದ, ದವಾಖಾನ್ಯಾಗ ಎಡಗೈ ಅವರ ಕಡೆ ಕೊಟ್ಟು ಬಲಗೈಲೆ ಫೋನ್ ಹಚ್ಚಿದೆ. ಅವ್ವನ ಎತ್ತಿದ್ಲು. ಉಂಡೇನೋ ಅಂದ್ಲು. ನಗು ತಡಕೊಳ್ಳಾಕ ಆಗಲಿಲ್ರಿ ಸರ. ಬೆರಳ ನೆನಪ ಹಾರಿತ್ತು."

ನಾನು ಅವನ ಮಂಚದ ಮೇಲೆಯೇ ಕೂತು ಅತ್ತೆ. ವಯಸ್ಸಾದ ಮೇಲೆ ಹಾಗೆ ಇನ್ನೊಬ್ಬರ ಮುಂದೆ ಅತ್ತದ್ದು ಅದೇ ಮೊದಲು. ಅವನು ಪಾಪ, ನನಗೇ ಸಮಾಧಾನ ಹೇಳಿದ. ನನ್ನ ಸಹಿಯ ಫಾರ್ಮಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ನೀನು ಅಜಾಗರೂಕ ಎಂದು ಬರೆದು ಬಂದಿದ್ದೇನೆ ಎಂದೆ. ಅವನು ದಿಂಬಿನ ಮೇಲಿನ ಕೈ ನೋಡಿಕೊಂಡ.

ಮರುದಿನ ಜೋಸೆಫ್ ಸಾರ್ ಮುಂದೆ ಹೋಗಿ ನಿಂತು, ಫಾರ್ಮ್ ವಾಪಸ್ ಕೊಡಿ ಎಂದೆ. ಇನ್ನೊಂದು ಬರೆದುಕೊಂಡು ಹೋಗಿದ್ದೆ. ಅದರಲ್ಲಿ ಎರಡು ಕಾರಣ. ಒಂದು, ಗುರುತಿನ ಗೆರೆ ಚೆನ್ನಾಗಿ ಕಾಣಲೆಂದು ಬೆರಳು ಅಲಗಿನಡಿಗೆ ಹೋಗದಂತೆ ತಡೆಯುವ ಮೆಷಿನಿನ ಗಾರ್ಡನ್ನು ನಾವೇ ಒಂದಿಂಚು ಮೇಲೆ ಎತ್ತಿ ಕಟ್ಟಿದ್ದು. ನಾನು ನೋಡಿಯೂ ಬಿಟ್ಟಿದ್ದೆ. ಎರಡು, ಕೆಲಸದ ನಡುವೆ ಫೋರ್‌ಮನ್ ಅವನ ಮನಸ್ಸು ಕೆಡಿಸಿದ್ದು. ಸಾರ್ ಎರಡು ಸಲ ಓದಿದರು. ಇದು ಮೇಲೆ ಹೋದರೆ ಊರಿಗೆ ಹೋಗುವವನು ಬಸವರಾಜ ಅಲ್ಲ, ನೀನು ಎಂದರು. ಗೊತ್ತು ಎಂದೆ. ಹೆಂಡತಿಯನ್ನೂ ಕೇಳಿರಲಿಲ್ಲ. ಮನಸ್ಸು ಕೆಡಿಸಿದ್ದು ಎಂದರೆ ಏನು ಎಂದು ಸಾರ್ ಕೇಳಿದಾಗ ಬಸಿಯ ಚಾದ ಕತೆ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋದ ವರ್ಷ ನಾನು ನಿನ್ನ ಕ್ಯಾಬಿನ್ನಿಗೆ ಬಂದಾಗ ನನಗೂ ಆ ಕಪ್ಪಿನಲ್ಲಿ ಚಾ ಕೊಟ್ಟೆ. ನೆನಪುಂಟಾ? ನಾನು ಕುಡಿಯುವ ಮೊದಲು ಹೊರಗೆ ಹೋಗಿ ಕೋಟ್ಟಯಂಗೆ ಫೋನ್ ಮಾಡಿ ಬಂದೆ."

ನಗಬೇಕೋ ಬೇಡವೋ ತಿಳಿಯದೆ ನಿಂತೆ. ಅವರು ನಗಲಿಲ್ಲ. ಹಳೆಯ ಫಾರ್ಮ್ ಹರಿದು ಬುಟ್ಟಿಗೆ ಹಾಕಿ, ಹೊಸದರಲ್ಲಿ ಗಾರ್ಡಿನ ಕಾರಣದ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಆ ಶೆಡ್ಡು ನನ್ನ ಜವಾಬ್ದಾರಿಯೂ ಹೌದಲ್ಲ ಎಂದರು. ಮೇಲಿನಿಂದ ನಮಗಿಬ್ಬರಿಗೂ ಒಂದೊಂದು ಎಚ್ಚರಿಕೆ ಪತ್ರ ಬಂತು. ಬಸವರಾಜ ಉಳಿದ. ಮೂರು ತಿಂಗಳು ಅಳತೆ ಗುರುತು ಹಾಕುವ ಟೇಬಲ್ಲಿನಲ್ಲಿದ್ದು, ಆಮೇಲೆ ತಾನೇ ಕೇಳಿಕೊಂಡು ಮೆಷಿನಿಗೆ ಮರಳಿದ. ಗಾರ್ಡ್ ತನ್ನ ಜಾಗಕ್ಕೆ ಇಳಿದಿತ್ತು.

ಇನ್ನು ಮುಂದೆ ಹೇಗೆ ಎಂಬ ಪ್ರಶ್ನೆ ಉಳಿಯಿತಲ್ಲ. ಒಂದು ಗುರುವಾರ ಸಂಜೆ ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿ, ಸಾವಿನ ಸುದ್ದಿ ನಿಮಗೆ ಹೇಗೆ ಹೇಳಬೇಕು ಎಂದು ಕೇಳಿದೆ. ಹೀಗೂ ಕೇಳುತ್ತಾರಾ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಮಾತಾಡಿದವನು ಧನ್ ಬಹಾದೂರ್. ಅಷ್ಟು ವರ್ಷಗಳ ಹಿಂದೆ ನಾನು ಅವನ ಕಿವಿಯಲ್ಲಿ ಕೂಗಿದ್ದನ್ನು ಅವನು ಮರೆತಿರಲಿಲ್ಲ. ನೀವು ನೇರ ಹೇಳಿದ್ದು ತಪ್ಪಲ್ಲ ಭಾಯ್, ನೇರ ಹೇಳಿದ್ದೇ ಒಳ್ಳೆಯದಾಯಿತು, ಆದರೆ ಮೆಷಿನ್ ನಿಲ್ಲಿಸದೆ ಹೇಳಿದಿರಿ, ನನ್ನೊಬ್ಬನನ್ನೇ ಅಲ್ಲಿ ಬಿಟ್ಟು ಹೋದಿರಿ, ತಪ್ಪು ಅದು ಎಂದ. ಅವನ ಘಟನೆಯಿಂದ ನಾನು ಕಲಿತ ಪಾಠವೇ ತಲೆಕೆಳಗಾಗಿತ್ತು ಎಂದು ಆಗ ಗೊತ್ತಾಯಿತು.

ಕೊನೆಗೆ ಎಲ್ಲರೂ ಸೇರಿ ಒಪ್ಪಿದ್ದು ಹೀಗೆ. ಕುರ್ಚಿ ಇಲ್ಲ, ಚಾ ಇಲ್ಲ, ಪೀಠಿಕೆ ಇಲ್ಲ. ಶೆಡ್ಡಿನ ಎಲ್ಲ ಮೆಷಿನ್ ನಿಲ್ಲಿಸುವುದು. ಎದುರು ನಿಂತು, ಕೈ ಹಿಡಿದು, ಒಂದೇ ವಾಕ್ಯದಲ್ಲಿ ಹೇಳುವುದು. ಆಮೇಲೆ ಅವನನ್ನು ಒಬ್ಬನೇ ಬಿಡಬಾರದು. ಬಸಿಯ ಚಾಕ್ಕೂ ಒಂದು ಗತಿ ಕಾಣಿಸಬೇಕಿತ್ತು. ಕಪ್ಪು ಒಡೆದುಹಾಕಿ ಎಂದರು ಕೆಲವರು. ನಾನು ಒಪ್ಪಲಿಲ್ಲ. ಪ್ರತಿ ಗುರುವಾರ ಒಬ್ಬನನ್ನು ಸರದಿಯಂತೆ ಕರೆದು ಅದೇ ಕಪ್ಪಿನಲ್ಲಿ ಸುಮ್ಮನೆ ಚಾ ಕೊಡಲು ಶುರುಮಾಡಿದೆ. ಮೊದಲ ಕೆಲವರು ಬೆವರುತ್ತಲೇ ಕೂತರು. ಒಬ್ಬನಂತೂ ಯಾರೂ ಸತ್ತಿಲ್ಲ ತಾನೇ ಎಂದು ಮೂರು ಸಲ ಕೇಳಿ ಕುಡಿದ. ವರ್ಷ ಕಳೆಯುವಷ್ಟರಲ್ಲಿ ಬಿಸ್ಕತ್ತು ಎಲ್ಲಿ ಎಂದು ಕೇಳುವ ಹಂತಕ್ಕೆ ಬಂದರು. ಹೊಗಳುವುದಿದ್ದರೆ ನಾನು ಶೆಡ್ಡಿನ ನಡುವೆ ನಿಂತು ಬೊಬ್ಬೆ ಹೊಡೆದೇ ಹೊಗಳುತ್ತಿದ್ದೆ. ನನ್ನ ಗಂಟಲಿನಿಂದ ಬಂದರೆ ಅವರಿಗೂ ನಂಬಿಕೆ, ನನಗೂ ಸುಲಭ.

ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೈ ಕುಲುಕುವುದನ್ನೂ ಮತ್ತೆ ಆರಂಭಿಸಿದೆ. ಉಸ್ತಾದ್ ಹೇಳದೆ ಹೋದ ಗುಟ್ಟು ಆರು ತಿಂಗಳಲ್ಲಿ ತಾನಾಗಿ ತಿಳಿಯಿತು. ಅದರಲ್ಲಿ ಮಂತ್ರ ಏನೂ ಇಲ್ಲ. ದಿನಾ ಹಿಡಿದ ಕೈ ಒಂದು ದಿನ ಬೇರೆ ಥರ ಇದ್ದರೆ ಗೊತ್ತಾಗುತ್ತದೆ, ಅಷ್ಟೇ. ಬಸವರಾಜ ಮಾತ್ರ ಬಲಗೈ ಒಂದನ್ನೇ ಕೊಡುತ್ತಿರಲಿಲ್ಲ. ಎರಡೂ ಕೈಯಿಂದ ನನ್ನ ಕೈ ಹಿಡಿಯುತ್ತಿದ್ದ. ಎಡಗೈಯ ಆ ಗಿಡ್ಡ ಬೆರಳು ದಿನಾ ಬೆಳಿಗ್ಗೆ ನನ್ನ ಅಂಗೈಯ ಹಿಂಬದಿಗೆ ತಾಗುತ್ತಿತ್ತು. ಬೇಕೆಂದೇ ಹಾಗೆ ಮಾಡುತ್ತಿದ್ದನೇ ಎಂದು ಕೊನೆಯವರೆಗೂ ಕೇಳಲಿಲ್ಲ.

ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರ ಹಾಕಿದರೆ ತಾನೇ ಕತ್ತರಿಸುವ ಮೆಷಿನ್ ಬಂತು. ಅದನ್ನು ಕಲಿತು ನಡೆಸಿದವನೂ ಬಸವರಾಜನೇ. ಹಳೆಯದು ಸಣ್ಣ ತುಂಡುಗಳಿಗೆ ಉಳಿಯಿತು. ನನ್ನ ನಿವೃತ್ತಿಗೆ ಎಂಟು ತಿಂಗಳಿತ್ತು. ಕಟಪಾಡಿಯ ಅಣ್ಣನಿಗೆ ಶುಕ್ರವಾರ ಶುಕ್ರವಾರ ಫೋನ್ ಮಾಡುತ್ತಿದ್ದೆ. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಹಳೆಯ ಕತ್ತರಿ ನಿನಗೆ ಅಂತ ಇಟ್ಟಿದ್ದೇನೆ, ಬಂದವನೇ ತಗೊಂಡು ಹೋಗು ಎನ್ನುತ್ತಿದ್ದ. ಆ ಶುಕ್ರವಾರವೂ ಅದನ್ನೇ ಹೇಳಿದ್ದ.

ಮಂಗಳವಾರ ಬೆಳಿಗ್ಗೆ ನಾನು ಕ್ಯಾಬಿನ್ನಿನಲ್ಲಿ ಕೂತು ಡ್ರಾಯಿಂಗ್ ನೋಡುತ್ತಿದ್ದೆ. ಗಾಜಿನಾಚೆ ಜೋಸೆಫ್ ಸಾರ್ ಮೆಟ್ಟಿಲಿಳಿದು ಬರುವುದು ಕಂಡಿತು. ಅವರು ಶೆಡ್ಡಿಗೆ ಬರುವುದೇ ಅಪರೂಪ. ನನ್ನ ಕಡೆ ಬರುತ್ತಾರೆಂದು ಎದ್ದೆ. ಬರಲಿಲ್ಲ, ನೇರ ಬಸವರಾಜನ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಏನಿರಬಹುದು ಎಂದು ನನಗೆ ಕುತೂಹಲ. ಬಸವರಾಜನ ತಾಯಿಗೇ ಏನಾದರೂ ಆಯಿತೇ, ಪಾಪ, ಹೇಳುವ ಕೆಲಸ ನನ್ನದಲ್ಲವೇ, ಸಾರ್ ಯಾಕೆ ಹೇಳಿದರು ಎಂದೆಲ್ಲ ಯೋಚಿಸುತ್ತ ಬಾಗಿಲು ತೆರೆದೆ.

ಆಗ ಕತ್ತರಿಸುವ ಮೆಷಿನ್ ನಿಂತಿತು. ಆಮೇಲೆ ಮಡಚುವ ಮೆಷಿನ್ ನಿಂತಿತು. ಒಂದೊಂದಾಗಿ ಎಲ್ಲವೂ ನಿಂತವು. ಹಗಲು ಹೊತ್ತಿನಲ್ಲಿ ಆ ಶೆಡ್ಡು ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕೇಳಿದ್ದು ಬೇರೆಯವರ ಸುದ್ದಿಗಳಿಗೆ ಮಾತ್ರ. ನಾನು ತಲೆಗಳನ್ನು ಎಣಿಸಿದೆ, ಯಾರ ಮುಂದೆ ಯಾರು ನಿಲ್ಲುತ್ತಾರೆ ಎಂದು ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಸವರಾಜ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ನಡೆದು ಬರುತ್ತಿದ್ದ.

ನನ್ನ ಫೋನ್ ಲಾಕರಿನಲ್ಲಿತ್ತು. ಹೆಂಡತಿ ಆಫೀಸಿಗೆ ಫೋನ್ ಮಾಡಿದ್ದಳು ಎಂದು ಆಮೇಲೆ ತಿಳಿಯಿತು.

ಅವನು ಎದುರು ಬಂದು ನಿಂತು ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದ.

"ಸರ, ನಿಮ್ಮಣ್ಣಾರು ಹೋದ್ರಂತ್ರಿ."

ಒಂದೇ ವಾಕ್ಯ. ನಾವು ಒಪ್ಪಿಕೊಂಡಂತೆಯೇ. ಕೇಳಿಸಿತು, ಅರ್ಥವಾಯಿತು, ಮತ್ತೆ ಕೇಳಬೇಕಾದ್ದು ಏನೂ ಉಳಿಯಲಿಲ್ಲ. ಧನ್ ಬಹಾದೂರ್ ಬಂದು ಹಿಂದೆ ನಿಂತ. ಇಪ್ಪತ್ತಾರು ಜನರಲ್ಲಿ ಒಬ್ಬನೂ ಮೆಷಿನ್ ಕಡೆ ಹೋಗಲಿಲ್ಲ. ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ. ಬಸವರಾಜ ಕೈ ಬಿಡಲಿಲ್ಲ, ಆ ಗಿಡ್ಡ ಬೆರಳು ನನ್ನ ಕೈಯ ಮೇಲೆ ಹಾಗೇ ಇತ್ತು. ಆಮೇಲೆ ರಫೀಕ್ ಚಾ ತಂದ. ಪೇಪರ್ ಕಪ್ಪಿನಲ್ಲಿ ತಂದಿದ್ದ. ನಾನು ಕುಡಿದೆ.